ಗುಂಡಿ ಒತ್ತುವ ಮೊದಲು ಓದು

ಕಡೂರು
ಸಂಕ್ರಾಂತಿ ಕಳೆದ ಸೋಮವಾರ, ರಾತ್ರಿ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಉಭಯ ಕುಶಲೋಪರಿ. ಈ ಎರಡು ಪದ ಇಲ್ಲದ ಕಾಗದವನ್ನು ಅಪ್ಪ ಕಾಗದ ಅಂತಲೇ ಒಪ್ಪುತ್ತಿರಲಿಲ್ಲ, ಅದಕ್ಕೇ ಬರೆದಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತ ನೀನು ಕೇಳುತ್ತೀಯ. ಫೋನಿನಲ್ಲಿ ನೀನು ಅರ್ಧ ಕೇಳಿ "ಸರಿ ಸರಿ ಅಕ್ಕ" ಅಂದುಬಿಡುತ್ತೀಯ, ಆಮೇಲೆ ನಿನಗೆ ತೋಚಿದ್ದು ಮಾಡುತ್ತೀಯ. ಈ ಕಾಗದವನ್ನು ನಿನ್ನ ಲ್ಯಾಪ್‌ಟಾಪಿನ ಕೀಬೋರ್ಡಿಗೂ ಪರದೆಗೂ ನಡುವೆ ಮಡಚಿ ಇಟ್ಟಿದ್ದೇನೆ. ತೆರೆದ ಕೂಡಲೇ ಕೈಗೆ ಮೊದಲು ಸಿಗುವುದು ಇದೇ. ನಾಳೆ ಬೆಳಗಿನ ರೈಲಿಗೆ ಪಕ್ಕದ ಮನೆ ಹುಡುಗ ಅಜ್ಜಂಪುರಕ್ಕೆ ಬರುತ್ತಾನೆ, ಬ್ಯಾಗು ಅವನ ಕೈಯಲ್ಲಿ ಕೊಡುತ್ತೇನೆ. ಪೂರ್ತಿ ಓದುವ ತನಕ ಗುಂಡಿ ಮುಟ್ಟಬೇಡ.

ಮೊದಲು ಒಳ್ಳೆ ಸುದ್ದಿ. ಬೋರ್ಡು ಹೋಗಿಲ್ಲ. ಆ ದೊಡ್ಡ ಅಂಗಡಿಯವರು ಒಂಬತ್ತೂವರೆ ಸಾವಿರ ಕೇಳಿದರಂತಲ್ಲ, ಆ ದುಡ್ಡು ನಿನ್ನ ಜೇಬಿನಲ್ಲೇ ಇರಲಿ. ಅವರ ಮೇಲೆ ಸಿಟ್ಟಾಗಬೇಡ. ಒಮ್ಮೆ ಆನ್ ಆಗಿ ಇನ್ನೊಮ್ಮೆ ಆಗದ ಯಂತ್ರವನ್ನು ಹತ್ತು ನಿಮಿಷ ಕೈಯಲ್ಲಿ ಹಿಡಿದು ನೋಡಿ "ಮದರ್‌ಬೋರ್ಡು" ಅನ್ನುವುದು ಬೀರೂರಿನ ಮೈಲಾರಲಿಂಗನ ಕಾರ್ಣಿಕ ಇದ್ದ ಹಾಗೆ. ನುಡಿಯುವುದು ಒಂದೇ ಮಾತು, ಆಮೇಲೆ ಏನೇ ಆದರೂ ಆ ಮಾತಿಗೆ ಹೊಂದುತ್ತದೆ. ಬೋರ್ಡು ಬದಲಾಯಿಸುವಾಗ ಬ್ಯಾಟರಿ ಬಿಚ್ಚುತ್ತಾರೆ, ಧೂಳು ಹೊಡೆಯುತ್ತಾರೆ, ತಮ್ಮ ಚಾರ್ಜರ್ ಹಾಕಿ ಪರೀಕ್ಷೆ ಮಾಡುತ್ತಾರೆ. ಆನ್ ಆಗದೆ ಇನ್ನೇನು?

ನೀನು ಹೋದ ತಿಂಗಳು ಎರಡು ಸಲ ಬಂದೆ. ಎರಡು ಸಲವೂ ನನ್ನ ಅಂಗಡಿಯ ಮೇಜಿನ ಮೇಲೆ ಇಟ್ಟ ಕೂಡಲೇ ಆನ್ ಆಯಿತು. ನೀನು ಪೆಚ್ಚಾಗಿ ನಿಂತೆ, ಡಾಕ್ಟರ ಮುಂದೆ ಕೂತ ತಕ್ಷಣ ಕೆಮ್ಮು ನಿಂತವನ ಹಾಗೆ. "ಅಕ್ಕ, ನಿನ್ನ ಮುಖ ನೋಡಿದರೆ ಇದಕ್ಕೂ ಹೆದರಿಕೆ" ಅಂದೆ. ನಾನೂ ನಕ್ಕೆ. ಆದರೆ ಆ ರಾತ್ರಿ ಮಲಗಿದಾಗ ನನಗೆ ಲಕ್ಕವಳ್ಳಿಯ ರೇಡಿಯೊ ನೆನಪಾಯಿತು.

ನಿನಗೆ ಅದು ಗೊತ್ತಿರಲಾರದು. ನನಗೆ ಹನ್ನೊಂದು ವರ್ಷ, ನೀನಿನ್ನೂ ಮೂರರ ಕೂಸು. ಬೀರೂರು ಸ್ಟೇಷನ್ನಿನ ಹತ್ತಿರ ಅಪ್ಪನ ಅಂಗಡಿ. ಭದ್ರಾ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿದ್ದ ಒಬ್ಬರು ಒಂದು ವಾಲ್ವ್ ಸೆಟ್ಟು ತಂದುಕೊಟ್ಟರು. ಸಂಜೆ ವಾರ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಉಸಿರು ನಿಲ್ಲುತ್ತದೆ ಅಂತ ದೂರು. ಅಪ್ಪ ಹಿಂದಿನ ರಟ್ಟು ಬಿಚ್ಚಿ, ಭದ್ರಾವತಿಯ 675ಕ್ಕೆ ಮುಳ್ಳು ಕೂರಿಸಿ ಬಿಟ್ಟರು. ಬೆಳಗ್ಗೆಯಿಂದ ಸಂಜೆ ತನಕ ಗಂಟಲು ಕಟ್ಟದೆ ಹಾಡಿತು. ಮಾರನೇ ದಿನವೂ ಹಾಡಿತು. ಕೊಟ್ಟು ಕಳಿಸಿದರು. ನಾಲ್ಕೇ ದಿನಕ್ಕೆ ವಾಪಸ್ ಬಂತು, ಜೊತೆಗೆ ಒಂದು ಚೀಟಿ: ನಿಮ್ಮಲ್ಲಿ ಹಾಡುತ್ತದೆ, ನಮ್ಮಲ್ಲಿ ಇಲ್ಲ.

ಆ ಭಾನುವಾರ ಅಪ್ಪ ಸೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ, ನನ್ನನ್ನೂ ಕರೆದುಕೊಂಡು ತರೀಕೆರೆ ಮೇಲೆ ಲಕ್ಕವಳ್ಳಿಗೆ ಹೊರಟರು. ಅವರ ಮನೆಗೆ ಹೋಗಿ ರಿಪೇರಿ ಏನೂ ಮಾಡಲಿಲ್ಲ. "ನೀವು ದಿನಾ ಹೇಗೆ ಇಟ್ಟುಕೊಳ್ಳುತ್ತೀರೋ ಹಾಗೇ ಇಡಿ" ಅಂದು ಗೋಡೆಗೆ ಒರಗಿ ಕೂತರು. ಆ ಮನೆಯಮ್ಮ ಅವರೆಕಾಳಿನ ಉಪ್ಪಿಟ್ಟು ಕೊಟ್ಟರು. ಮನೆಯವರು ರೇಡಿಯೊವನ್ನು ಗೋಡೆಯ ಗೂಡಿನೊಳಗೆ ಹಿಂದಕ್ಕೆ ನೂಕಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿದರು. ನನ್ನ ತಟ್ಟೆಯ ಉಪ್ಪಿಟ್ಟು ಮುಗಿಯಲಿಲ್ಲ, ರೇಡಿಯೊ ಮೌನ. ಅಪ್ಪ ಎದ್ದು ಹೋಗಿ ಗೂಡಿನೊಳಗೆ ಕೈ ಇಟ್ಟು, "ಒಲೆ ಆಗಿದೆಯಲ್ಲ ಸ್ವಾಮಿ" ಅಂದರು.

ಅಂಗಡಿಯಲ್ಲಿ ರಟ್ಟು ಬಿಚ್ಚಿಟ್ಟಿದ್ದರಿಂದ ಸೆಟ್ಟು ತಣ್ಣಗಿತ್ತು. ಗೂಡಿನೊಳಗೆ ವಾಲ್ವುಗಳ ಕಾವು ಹೊರಗೆ ಹೋಗಲು ದಾರಿ ಇರಲಿಲ್ಲ. ಕಾವಿಗೆ ಲೋಹ ಹಿಗ್ಗಿ, ಎಲ್ಲೋ ಒಂದು ಅರೆಬೆಂದ ಬೆಸುಗೆ ಬಾಯಿ ಬಿಡುತ್ತಿತ್ತು. ಡ್ರೈ ಸೋಲ್ಡರ್. ಬಿಸಿಯಾಗಿದ್ದ ಹಾಗೇ ಸೆಟ್ಟನ್ನು ಬೋರಲು ಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಒಂದೊಂದೇ ಬೆಸುಗೆಯನ್ನು ತಟ್ಟುತ್ತಾ ಹೋದರು. ಒಂದು ಕಡೆ ತಟ್ಟಿದಾಗ ಕರಕರ ಅಂದಿತು. ಅಲ್ಲಿಗೆ ಒಂದು ಹನಿ ಸೀಸ. ಅಷ್ಟೇ ಕೆಲಸ. ವಾಪಸ್ ಬರುವಾಗ ಬಸ್ಸಿನಲ್ಲಿ, "ಚೆನ್ನಾಗಿರೋ ಸೆಟ್ಟನ್ನ ರಿಪೇರಿ ಮಾಡೋಕಾಗಲ್ಲ ಕಣಮ್ಮ. ಅದು ಕೆಡೋ ತನಕ ಕಾಯಬೇಕು, ಇಲ್ಲಾ ನಾವೇ ಕೆಡಿಸಬೇಕು" ಅಂದರು.

ಅದಕ್ಕೇ ನಿನಗೆ ನೋಟ್‌ಬುಕ್ ಇಡು ಅಂತ ಹೇಳಿದ್ದು. ಆನ್ ಆದಾಗಲೂ ಬರಿ, ಆಗದಾಗಲೂ ಬರಿ. ಊರು, ವಾರ, ಗಂಟೆ, ಯಾವ ಚಾರ್ಜರು, ಪಿನ್ನಿನ ಪಕ್ಕದ ಬಿಳಿ ದೀಪ ಇತ್ತೋ ಇಲ್ಲವೋ. ‘ಆನಂದ’ ಎಂಬ ಹೆಸರಿನಲ್ಲಿ ಬರೆದ ಸೀತಾರಾಮರ ಊರಿನಲ್ಲಿದ್ದೀಯ ಅಂತ ನೋಟ್‌ಬುಕ್ಕಿನಲ್ಲಿ ಸಣ್ಣ ಕತೆ ಬರೆಯಬೇಡ ಅಂತಲೂ ಹೇಳಿದ್ದೆ. ಕನ್ನಡ ಮೇಷ್ಟ್ರು ನೀನು, ಕೇಳುತ್ತೀಯಾ? "ಇಂದು ಮುಂಜಾನೆ ಮತ್ತೆ ಮುನಿಸಿಕೊಂಡಿತು" ಅಂತ ಬರೆದಿದ್ದೀಯ. ಮುನಿಸಿಕೊಂಡಾಗ ದೀಪ ಇತ್ತೇನೋ ಮಾರಾಯ? ಪುಣ್ಯಕ್ಕೆ ಪಕ್ಕದ ಕಾಲಮ್ಮಿನಲ್ಲಿ "ದೀಪ ಇಲ್ಲ" ಅಂತ ಇತ್ತು.

ಹೋದ ಸೋಮವಾರ ಲ್ಯಾಪ್‌ಟಾಪು, ಚಾರ್ಜರು, ನೋಟ್‌ಬುಕ್ಕು ಮೂರನ್ನೂ ಮುಂದಿಟ್ಟುಕೊಂಡು ಕೂತೆ. ಒಟ್ಟು 26 ಸಲ ಬರೆದಿದ್ದೀಯ. 12 ಸಲ ಆನ್ ಆಗಿದೆ, 14 ಸಲ ಆಗಿಲ್ಲ. ಆ 12ರಲ್ಲಿ ಎಂಟು ತರೀಕೆರೆಯ ಸ್ಕೂಲಿನಲ್ಲಿ. ಅಲ್ಲಿ ಒಂದು ಸಲವೂ ತಪ್ಪಿಲ್ಲ. ತಪ್ಪಿರುವುದೆಲ್ಲ ಅಜ್ಜಂಪುರದ ಮನೆಯಲ್ಲಿ. ನೀನು ಇದಕ್ಕೆ ಕಾರಣವನ್ನೂ ಬರೆದುಬಿಟ್ಟಿದ್ದೀಯ: "ಅಜ್ಜಂಪುರದ ಕರೆಂಟು ಸರಿಯಿಲ್ಲ, ಪಂಪ್‌ಸೆಟ್ ಲೋಡು."

ಕರೆಂಟಿನ ಮೇಲೆ ಹಾಕಿದರೆ ಯಾರೂ ಎದುರು ಮಾತಾಡುವುದಿಲ್ಲ, ನಮ್ಮ ಸೀಮೆಯಲ್ಲಿ. ಅಪ್ಪನ ಕಾಲದಲ್ಲಿ ಅದು ನಿಜವೂ ಆಗಿತ್ತು. ಸಂಜೆ ಬಲ್ಬು ಕುಂಬಳದ ಹೂವಿನ ಬಣ್ಣಕ್ಕೆ ತಿರುಗಿದರೆ ವಾಲ್ವ್ ಸೆಟ್ಟು ಗೊಗ್ಗರು ದನಿಗೆ ಇಳಿಯುತ್ತಿತ್ತು. ನಿನ್ನ ಚಾರ್ಜರಿನ ಹೊಟ್ಟೆಯ ಮೇಲೆ ಏನು ಅಚ್ಚಾಗಿದೆ, ಕನ್ನಡಕ ಹಾಕಿಕೊಂಡು ಓದು. ಒಳಗೆ ಬರುವುದು 100ರಿಂದ 240 ವೋಲ್ಟ್ ತನಕ ಎಷ್ಟಿದ್ದರೂ ಸರಿ, ಹೊರಗೆ ಹೋಗುವುದು 19.5 ವೋಲ್ಟ್, 3.34 ಆಂಪಿಯರ್. ಗುಣಿಸಿದರೆ 65 ವ್ಯಾಟ್. ನಿಮ್ಮ ಬೀದಿಯಲ್ಲಿ 230 ಇರಬೇಕಾದ್ದು 170ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ. ಸ್ಟೆಬಿಲೈಸರ್ ತರುತ್ತೇನೆ ಅಂದಿದ್ದೆಯಲ್ಲ, ಬೇಡ.

ನೋಟ್‌ಬುಕ್ಕಿನಲ್ಲಿ ನಿನಗೆ ಕಾಣದ್ದು ಬೇರೆ ಇದೆ. ಯಾವ ಚಾರ್ಜರು ಅನ್ನುವ ಕಾಲಮ್ಮು. ತರೀಕೆರೆಯಲ್ಲಿ "ವಿಜ್ಞಾನದ ಮೇಡಮ್ಮಿನದು" ಅಂತ ಎಂಟೂ ಸಲ ಬರೆದಿದ್ದೀಯ. ಬ್ಯಾಗು ಭಾರ ಅಂತ ನಿನ್ನದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೀಯಂತೆ. ಕಡೂರಿಗೆ ಬಂದ ಎರಡು ಸಲವೂ ಚಾರ್ಜರ್ ಮರೆತು ಬಂದಿದ್ದೆ, ನಾನು ಅಂಗಡಿಯದು ಹಾಕಿದ್ದೆ. ನಿನ್ನ ಸ್ವಂತ ಚಾರ್ಜರ್ ಇರುವುದು ಅಜ್ಜಂಪುರದಲ್ಲಿ ಮಾತ್ರ. ಊರು ಮೂರು, ಚಾರ್ಜರು ಮೂರು. ನಾವಿಬ್ಬರೂ ಊರನ್ನು ನೋಡುತ್ತಾ ಕೂತೆವು.

ಈಗ ನಾನು ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನನಗೆ ಇದರಲ್ಲಿ ಖುಷಿ ಸಿಕ್ಕಿತು. ಝೆರಾಕ್ಸು, ಪಹಣಿ ಅರ್ಜಿ, ಮದುವೆ ಕಾರ್ಡಿನ ಡಿಟಿಪಿ ಮಾಡಿ ಮಾಡಿ ಕೈ ಜಡ್ಡುಗಟ್ಟಿತ್ತು.

ನಿನ್ನ ಚಾರ್ಜರಿನ ಪಿನ್ನಿಗೆ ಮೀಟರ್ ಹಿಡಿದೆ. 19.5. ಅಲ್ಲಾಡಿಸಿದೆ, 19.5. ಎಳೆದೆ, ತಿರುಚಿದೆ, 19.5. ಮೀಟರ್ ನೋಡಿದವರು ಯಾರಾದರೂ ಚಾರ್ಜರ್ ಚೆನ್ನಾಗಿದೆ ಅಂತಲೇ ಹೇಳಬೇಕು. ಆದರೆ ಮೀಟರ್ ಒಂದು ಗುಟುಕನ್ನೂ ಕುಡಿಯುವುದಿಲ್ಲ. ತುಂಡಾಗುತ್ತಿರುವ ವೈರಿನಲ್ಲಿ ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜು ತೋರಿಸುತ್ತದೆ. ಹೊಲದ ಪೈಪಿನ ಬಾಯಿ ಮುಚ್ಚಿಟ್ಟು ಒತ್ತಡ ನೋಡಿದ ಹಾಗೆ. ಬಾಯಿ ಬಿಟ್ಟರೆ ತಾನೇ ನೀರೆಷ್ಟು ಅಂತ ತಿಳಿಯುವುದು? ಮೆಕ್ಯಾನಿಕ್ ಶೆಡ್ಡಿನಿಂದ ಕಾರಿನ ಇಂಡಿಕೇಟರ್ ಬಲ್ಬು ಎರಡು ತರಿಸಿದೆ, 12 ವೋಲ್ಟ್, 21 ವ್ಯಾಟಿನವು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಪಿನ್ನಿಗೆ ಕೊಟ್ಟೆ. ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತವೆ. ಎರಡೂ ಉರಿದವು. ಆಮೇಲೆ ಇಕ್ಕಟ್ಟಿನ ಜಾಗಕ್ಕೆ ಬಂದೆ, ಪಿನ್ನಿನ ಕುತ್ತಿಗೆ. ಕಪ್ಪು ರಬ್ಬರು ವೈರನ್ನು ಕಚ್ಚಿಕೊಂಡಿರುತ್ತದಲ್ಲ, ಅಲ್ಲಿ ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಮಣಿಸಿದೆ. ಬಲ್ಬು ಕಣ್ಣು ಮುಚ್ಚಿತು. ಬಲಕ್ಕೆ ಮಣಿಸಿದೆ, ಕಣ್ಣು ಬಿಟ್ಟಿತು. ಹತ್ತು ಸಲ ಮಾಡಿದೆ. ಅಂಗಡಿಗೆ ಆಧಾರ್ ಝೆರಾಕ್ಸ್‌ಗೆ ಬಂದಿದ್ದ ಅಜ್ಜಿ "ಏನಮ್ಮ, ದೀಪಾವಳಿ ಇನ್ನೂ ಮುಗಿದಿಲ್ವ?" ಅಂದರು.

ಬ್ಲೇಡಿನಲ್ಲಿ ರಬ್ಬರು ಸೀಳಿದೆ. ಹೊರಗೆ ಜಡೆ ಹೆಣೆದ ಹಾಗೆ ತಾಮ್ರದ ಬಲೆ, ಒಳಗೆ ದಪ್ಪ ವೈರು, ಜೊತೆಗೆ ಕೂದಲೆಳೆಯಂಥ ಮೂರನೆಯದು. ಬಲೆ ಮುಕ್ಕಾಲು ಹರಿದು ಹಸಿರುಗಟ್ಟಿತ್ತು. ಆ ಕೂದಲೆಳೆ ಯಾವಾಗಲೋ ಪೂರ್ತಿ ತುಂಡಾಗಿತ್ತು. ಇಡೀ ಕತೆ ಇರುವುದು ಆ ಕೂದಲೆಳೆಯಲ್ಲಿ. ಅದರಲ್ಲಿ ಕರೆಂಟು ಹರಿಯುವುದಿಲ್ಲ, ಗುರುತು ಹರಿಯುತ್ತದೆ. "ನಾನು ನಿನ್ನ ಜಾತಕಕ್ಕೆ ಒಪ್ಪುವ 65 ವ್ಯಾಟಿನವನು" ಅಂತ ಚಾರ್ಜರು ಲ್ಯಾಪ್‌ಟಾಪಿಗೆ ಹೇಳುವುದು ಅದರ ಮೂಲಕ. ಆ ಮಾತು ಕೇಳದಿದ್ದರೆ ಲ್ಯಾಪ್‌ಟಾಪು ಓಡುತ್ತದೆ, ಆದರೆ ಬ್ಯಾಟರಿಗೆ ಹನಿಯೂ ತುಂಬುವುದಿಲ್ಲ. ಮೂಲೆಯಲ್ಲಿ "ಚಾರ್ಜ್ ಆಗುತ್ತಿಲ್ಲ" ಅಂತ ಎಷ್ಟೋ ತಿಂಗಳಿಂದ ಬರುತ್ತಿದ್ದಿರಬೇಕು. ನೀನು ನೋಡಿರುವುದಿಲ್ಲ. ಅಮೃತಮಹಲ್ ಹೋರಿಯನ್ನು ಗೂಟಕ್ಕೆ ಬಿಗಿಯುವ ಹಗ್ಗದ ಹಾಗೆ ಆ ವೈರನ್ನು ದಿನಾ ಚಾರ್ಜರಿಗೆ ಸುತ್ತಿ ಗಂಟು ಹಾಕುತ್ತೀಯಲ್ಲ, ಕುತ್ತಿಗೆ ಮುರಿಯದೆ ಇನ್ನೇನಾಗುತ್ತದೆ?

ಈಗ ಬೀರೂರನ್ನು ಮನಸ್ಸಿಗೆ ತಂದುಕೊ. ಅಜ್ಜಂಪುರದ ಕಡೆಯಿಂದ ಬರುವ ಹುಬ್ಬಳ್ಳಿ ಲೈನು ಒಂದು, ತರೀಕೆರೆ ಕಡೆಯಿಂದ ಬರುವ ಶಿವಮೊಗ್ಗ ಲೈನು ಒಂದು, ಎರಡೂ ಅಲ್ಲಿ ಸೇರಿ ಮುಂದೆ ಒಂದೇ ಹಳಿಯಾಗಿ ಕಡೂರಿಗೆ ಬರುತ್ತವೆ. (ಚಿಕ್ಕಮಗಳೂರಿಗೆ ರೈಲು ಶುರುವಾದ 2013ರಿಂದ ಕಡೂರೂ ಜಂಕ್ಷನ್ನೇ. ಆದರೂ ಅಪ್ಪ ಕೊನೆ ತನಕ ಜಂಕ್ಷನ್ ಅಂದರೆ ಬೀರೂರು ಅಂತಲೇ ಹಟ ಹಿಡಿದಿದ್ದರು.) ಲ್ಯಾಪ್‌ಟಾಪಿನ ಒಳಗೂ ಹಾಗೇ. ಚಾರ್ಜರಿನ ಲೈನು, ಬ್ಯಾಟರಿಯ ಲೈನು, ಎರಡೂ ಒಂದು ಕಡೆ ಸೇರಿ ಬೋರ್ಡಿಗೆ ಹೋಗುತ್ತವೆ. ಒಂದು ನಿಂತರೂ ಇನ್ನೊಂದರಿಂದ ಗಾಡಿ ಓಡುತ್ತದೆ. ಮೊದಲೆಲ್ಲ ಚಾರ್ಜರಿನ ವೈರು ಕೈಕೊಟ್ಟಾಗ ಬ್ಯಾಟರಿ ಮರ್ಯಾದೆ ಕಾಪಾಡುತ್ತಿತ್ತು, ನಿನಗೆ ಗೊತ್ತೇ ಆಗುತ್ತಿರಲಿಲ್ಲ. ಕೂದಲೆಳೆ ತುಂಡಾದ ಮೇಲೆ ಬ್ಯಾಟರಿ ಬರಿದಾಯಿತು. ಬರಿದಾಗಿಯೇ ತಿಂಗಳುಗಟ್ಟಲೆ ಇದ್ದು ಸತ್ತಿತು. ನಾನು ರಿಪೋರ್ಟು ತೆಗೆದು ನೋಡಿದೆ, ಹೊಸದರಲ್ಲಿ 41 ವ್ಯಾಟ್ ಅವರ್ ಹಿಡಿಯುತ್ತಿದ್ದದ್ದು ಈಗ 9 ಹಿಡಿಯುತ್ತದೆ, ಅದೂ ಒಳ್ಳೆ ಚಾರ್ಜರ್ ಹಾಕಿ ತುಂಬಿಸಿದರೆ. ಆಮೇಲೆ ನಿನ್ನ ವೈರು ಯಾವ ಕಡೆಗೆ ಮಣಿದಿದೆಯೋ ಅದರ ಮೇಲೆ ಆ ದಿನದ ಭಾಗ್ಯ.

ವೈರಿನ ಕುತ್ತಿಗೆ ಕತ್ತರಿಸಿ ಹೊಸ ಪಿನ್ನು ಹಾಕಿದ್ದೇನೆ. ಮೂರೂ ಎಳೆ ಬೇರೆ ಬೇರೆ ಬೆಸೆದು ಒಂದೊಂದಕ್ಕೂ ಸ್ಲೀವು ಏರಿಸಿದ್ದೇನೆ. ರೋಸಿನ್ನಿನ ಹೊಗೆ ಮೂಗಿಗೆ ಬಂದಾಗ ನಮ್ಮ ಹಳೆ ಅಂಗಡಿಯೊಳಗೇ ನಿಂತ ಹಾಗಾಯಿತು. ಬೆಸುಗೆ ಹೊಳೆಯುತ್ತಿದೆ, ಮಂಕಾಗಿಲ್ಲ. ಅಪ್ಪನ ಪರೀಕ್ಷೆಯಲ್ಲೂ ಪಾಸು. ಬ್ಯಾಟರಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ಹಾಕಿದೆ. ಹಳೆಯದು ಸ್ವಲ್ಪ ಉಬ್ಬಿತ್ತು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಕಸದ ಗಾಡಿಗೂ ಹಾಕಬಾರದು. ಡಬ್ಬದಲ್ಲಿ ಮರಳು ತುಂಬಿ ಅದರೊಳಗೆ ಇಟ್ಟಿದ್ದೇನೆ, ವಾಪಸ್ ತೆಗೆದುಕೊಳ್ಳುವವರಿಗೆ ಕೊಡುತ್ತೇನೆ.

ಇಷ್ಟು ಮಾಡುವುದಕ್ಕೆ ಮುಂಚೆ ಒಂದು ಕೆಲಸ ಮಾಡಿದ್ದೆ. ಯಾವ ಯಂತ್ರ ಬಿಚ್ಚಿದರೂ ಮೊದಲು ಅದರೊಳಗಿನ ಬರಹ ತೆಗೆದಿಡಬೇಕು. ನಿನ್ನ ಪ್ರಶ್ನೆಪತ್ರಿಕೆ, ನುಡಿಯಲ್ಲಿ ಟೈಪಿಸಿದ ಪಾಠದ ಟಿಪ್ಪಣಿ, ಮಗಳು ಪುಟ್ಟಿಯ ಫೋಟೊ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿದೆ. ಬ್ಯಾಗಿನ ಸಣ್ಣ ಜೇಬಿನಲ್ಲಿದೆ. ಸರಿಯಾಗಿ ಕಾಪಿ ಆಗಿದೆಯೋ ಇಲ್ಲವೋ ಅಂತ ನಾಲ್ಕು ಫೈಲು ತೆರೆದು ನೋಡುವುದು ನನ್ನ ಅಭ್ಯಾಸ. ಗಿರಾಕಿಗಳ ಫೈಲಿನಲ್ಲಿ ಏನಿದೆ ಅಂತ ನಾನು ಓದುವುದಿಲ್ಲ. ನೀನು ಗಿರಾಕಿ ಅಲ್ಲವಲ್ಲ. ‘ಅಪ್ಪ-ಖರ್ಚು’ ಅಂತ ಒಂದು ಲೆಕ್ಕದ ಹಾಳೆ ಇತ್ತು.

ಅಪ್ಪನ ಎಫ್‌ಡಿ ಮುರಿಸಿದೆ, ಆಸ್ಪತ್ರೆಗೆ ಅದೇ ಸಾಕಾಯಿತು ಅಂತ ನೀನು ಹೇಳಿದ್ದೆ. ನಾನು ಅರ್ಧ ಕೊಡುತ್ತೇನೆ ಅಂದಾಗ ಕೈ ಅಡ್ಡ ಹಿಡಿದಿದ್ದೆ. ಹಾಳೆಯಲ್ಲಿ ಎಫ್‌ಡಿ ಎರಡನೇ ವಾರಕ್ಕೇ ಮುಗಿದಿದೆ. ಅದರ ಕೆಳಗೆ ಹನ್ನೊಂದು ಸಾಲುಗಳಿವೆ. ಏಳನೇ ಸಾಲಿನಲ್ಲಿ ‘ಉಂಗುರ’ ಅಂತ ಇದೆ. ಬೆರಳು ದಪ್ಪ ಆಗಿದೆ ಅಕ್ಕ, ಬಿಚ್ಚಿಟ್ಟಿದ್ದೀನಿ ಅಂದಿದ್ದೆ ನೀನು, ಅಪ್ಪನ ತಿಥಿಯ ದಿನ, ಬಾಳೆಲೆ ಒರೆಸುತ್ತಾ. ನಾನು ನಂಬಿದ್ದೆ. ಇದರ ಬಗ್ಗೆ ಇಲ್ಲಿ ಇಷ್ಟೇ.

ಉಳಿದವನ್ನು ಬೇಗ ಬರೆದುಬಿಡುತ್ತೇನೆ, ಯಾಕೆಂದರೆ ಅಲ್ಲೆಲ್ಲ ಏನೂ ಸಿಗಲಿಲ್ಲ. ರ‍್ಯಾಮ್ ತೆಗೆದು ಅದರ ಹಳದಿ ಹಲ್ಲುಗಳಿಗೆ ರಬ್ಬರು ಉಜ್ಜಿದೆ, ಕೊಳೆಯೇ ಇರಲಿಲ್ಲ. ಪಿನ್ನು ಕೂರುವ ಗೂಡು ಅಲ್ಲಾಡುತ್ತಿಲ್ಲ. ಫ್ಯಾನಿನಲ್ಲಿ ರಾಗಿ ಹೊಟ್ಟಿನ ಧೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು. ರಸ್ತೆಗೆ ಹರಡಿದ ಕಣದ ಪಕ್ಕದಲ್ಲೇ ಬಸ್ಸು ಕಾಯುತ್ತಾ ಬ್ಯಾಗು ತೆರೆದಿಟ್ಟುಕೊಂಡು ನಿಲ್ಲುತ್ತೀಯೇನೋ. ಬ್ರಶ್ಶಿನಲ್ಲಿ ತೆಗೆದೆ. ಅದರಿಂದ ಯಂತ್ರ ಬಿಸಿಯಾಗಿ ನಡುವೆ ನಿಲ್ಲಬಹುದಿತ್ತು, ಆನ್ ಆಗದೆ ಇರುವುದಕ್ಕೆ ಅದು ಕಾರಣವಲ್ಲ. ಯಾರೋ ಹೇಳಿದರು ಅಂತ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುತ್ತೀಯಲ್ಲ, ಅದು ಮೂಢನಂಬಿಕೆ ಏನಲ್ಲ. ಚಾರ್ಜರು, ಬ್ಯಾಟರಿ ಎರಡನ್ನೂ ಬಿಡಿಸಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಚೂರುಪಾರು ಕರೆಂಟು ಇಳಿದು, ದಿಗಿಲುಬಿದ್ದು ನಿಂತ ಚಿಪ್ಪು ಮೊದಲಿನಿಂದ ಶುರು ಮಾಡುತ್ತದೆ. ಚಾರ್ಜರ್ ಚುಚ್ಚಿಕೊಂಡೇ ಒತ್ತಿದರೆ ಅಷ್ಟು ಪ್ರಯೋಜನ ಇಲ್ಲ.

ಮುಟ್ಟಿದರೆ ಜುಮ್ ಅನ್ನುತ್ತದೆ ಅಂದಿದ್ದೆಯಲ್ಲ, ಅದು ಬೇರೆ ವಿಷಯ. ಮೂರು ಪಿನ್ನಿನ ಚಾರ್ಜರಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಅರ್ತಿಂಗ್ ಕತ್ತರಿಸಿದ್ದೀಯ. ಒಳಗಿನ ಫಿಲ್ಟರಿನಿಂದ ಸೋರುವ ಚೂರು ಕರೆಂಟಿಗೆ ಭೂಮಿಗೆ ಇಳಿಯುವ ದಾರಿ ಇಲ್ಲ, ನಿನ್ನ ಮುಂಗೈಯಲ್ಲಿ ಇಳಿಯುತ್ತದೆ. ಆ ಅಡಾಪ್ಟರನ್ನು ಎಸೆ. ನಿಮ್ಮ ಮನೆ ಹಿಂದಿನ ಅರ್ತ್ ಗುಂಡಿಗೆ ಯಾವ ಕಾಲದಲ್ಲಿ ನೀರು ಹಾಕಿದ್ದೋ? ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ತಂತಿಗೂ ಮಣ್ಣಿಗೂ ಮಾತಿರುವುದಿಲ್ಲ. ವಯರಿಂಗಿನವರನ್ನು ಕರೆಸಿ ಇದ್ದಿಲು, ಉಪ್ಪು ಹಾಕಿಸು, ವಾರಕ್ಕೊಂದು ಕೊಡ ನೀರು ಹುಯ್ಯಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಶನಿವಾರ ರಾತ್ರಿ ನೋಟ್‌ಬುಕ್ಕನ್ನು ಇನ್ನೊಮ್ಮೆ ತೆಗೆದೆ. 14ರಲ್ಲಿ ಹತ್ತಕ್ಕೆ "ದೀಪ ಇಲ್ಲ". ಅವು ವೈರಿನ ಲೆಕ್ಕಕ್ಕೆ. ಉಳಿದ ನಾಲ್ಕಕ್ಕೆ "ದೀಪ ಇದೆ, ಆದರೂ ಆನ್ ಆಗಲಿಲ್ಲ, ಕ್ಷಣ ಮಿನುಗಿ ಆರಿತು" ಅಂತ ಬರೆದಿದ್ದೀಯ. ದೀಪ ಇದ್ದ ಮೇಲೆ ವೈರಿನ ಮೇಲೆ ಹೊರಿಸುವ ಹಾಗಿಲ್ಲ. ಆ ನಾಲ್ಕರಲ್ಲಿ ಮೂರು ಭಾನುವಾರದ ಬೆಳಗು.

ಗುಂಡಿ ಒತ್ತುವುದು ಅಂದರೆ ಬಲ್ಬಿನ ಸ್ವಿಚ್ಚು ಹಾಕಿದ ಹಾಗಲ್ಲ. ಬೋರ್ಡಿನ ಮೇಲೆ ಹಗಲು ರಾತ್ರಿ ಎಚ್ಚರ ಇರುವ ಒಂದು ಸಣ್ಣ ಚಿಪ್ಪಿದೆ, ಸ್ಟೇಷನ್ ಮಾಸ್ಟರು ಅಂದುಕೊ. ನೀನು ಒತ್ತುವ ಗುಂಡಿ ಅವನ ಮೇಜಿನ ಗಂಟೆ. ಅವನು ಲೈನು ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಸಿಗ್ನಲ್ ಬೀಳಿಸುತ್ತಾನೆ. ಅವನು ಬೇಡ ಅನ್ನಲು ಇನ್ನೇನು ಕಾರಣ ಇರಬಹುದು? ಭಾನುವಾರದ ಸಾಲಿನಲ್ಲಿ ನಿನ್ನ ಸಾಹಿತ್ಯ ನನಗೆ ಉಪಕಾರಕ್ಕೆ ಬಂತು: "ಪುಟ್ಟಿ ಪಕ್ಕದಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಾಳೆ." ಮುಂದಿನ ಭಾನುವಾರ: "ಪುಟ್ಟಿ ಪೆನ್ಸಿಲ್ ಬಾಕ್ಸನ್ನು ಟಕ್ ಟಕ್ ಅನ್ನಿಸುತ್ತಾ ತಲೆ ತಿನ್ನುತ್ತಿದ್ದಾಳೆ."

ಟಕ್ ಅನ್ನುವ ಪೆನ್ಸಿಲ್ ಬಾಕ್ಸು. ಅಂದರೆ ಮುಚ್ಚಳದಲ್ಲಿ ಅಯಸ್ಕಾಂತ.

ಲ್ಯಾಪ್‌ಟಾಪು ಮುಚ್ಚಿದಾಗ ತಾನೇ ಮಲಗುತ್ತದಲ್ಲ, ಮುಚ್ಚಿದ್ದು ಅದಕ್ಕೆ ಹೇಗೆ ತಿಳಿಯುತ್ತದೆ? ಪರದೆಯ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ, ಕೀಬೋರ್ಡಿನ ಕಡೆ ಅದನ್ನು ಗುರುತಿಸುವ ಸೆನ್ಸರು. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ ಕಂಡುಹಿಡಿದ ಗುಣದ ಮೇಲೆ ಅದು ಕೆಲಸ ಮಾಡುತ್ತದೆ, ಅದಕ್ಕೇ ಹಾಲ್ ಸೆನ್ಸರ್ ಅನ್ನುತ್ತಾರೆ. ಅಯಸ್ಕಾಂತ ಪರದೆಯದೋ ಪುಟ್ಟಿಯದೋ ಅಂತ ಅದು ವಿಚಾರಿಸುವುದಿಲ್ಲ.

ಅಟ್ಟದ ಮೇಲೆ ಅಪ್ಪನ ಟ್ರಂಕು ಇದೆ. ರಾತ್ರಿ ಹತ್ತು ಗಂಟೆಗೆ ಏಣಿ ಹಾಕಿ ಹತ್ತಿದೆ, ನಿಮ್ಮ ಭಾವ ಬೈದರು. ಒಡೆದ ಸ್ಪೀಕರಿನ ಅಯಸ್ಕಾಂತ, ಕೋಡುಬಳೆ ಗಾತ್ರದ್ದು, ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು. ಅದು ಬಲು ಜೋರಿನದು, ಹತ್ತಿರ ಒಯ್ಯದೆ ಒಂದು ಗೇಣು ದೂರದಿಂದ ಮೆಲ್ಲಗೆ ಸರಿಸುತ್ತಾ ಬಂದೆ. ಬಲಗಡೆ ಏನೂ ಆಗಲಿಲ್ಲ. ನಡುವೆ ಏನೂ ಆಗಲಿಲ್ಲ. ಎಡ ಮುಂಗೈ ಇಡುವ ಜಾಗದ ಮೂಲೆಗೆ ಬಂದಾಗ ಪರದೆ ಕಪ್ಪಾಯಿತು. ತೆಗೆದೆ, ಬೆಳಗಿತು. ಪೂರ್ತಿ ಆಫ್ ಮಾಡಿ, ಅಯಸ್ಕಾಂತ ಅಲ್ಲೇ ಇಟ್ಟು ಗುಂಡಿ ಒತ್ತಿದೆ. ದೀಪ ಮಿನುಗಿತು, ಆರಿತು. ನೀನು ಬರೆದದ್ದೇ ಅಕ್ಷರಕ್ಕೆ ಅಕ್ಷರ. ಕೋಣೆಯಲ್ಲಿ ಒಬ್ಬಳೇ ಇದ್ದೆ, ಚಪ್ಪಾಳೆ ತಟ್ಟಿಕೊಂಡೆ. ಎಷ್ಟೋ ವರ್ಷ ಆಗಿತ್ತು.

ಆ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುಣಿಸು ಗುರುತು ಹಾಕಿದ್ದೇನೆ. ಪುಟ್ಟಿಯ ಬಾಕ್ಸಿನ ಅಯಸ್ಕಾಂತಕ್ಕೆ ಅಷ್ಟು ಶಕ್ತಿ ಇದೆಯೋ ಇಲ್ಲವೋ ಇಲ್ಲಿ ಕೂತು ನಾನು ಹೇಳಲಾರೆ. ಅದನ್ನು ನೀನು ನೋಡಬೇಕು. ಲ್ಯಾಪ್‌ಟಾಪು ತೆರೆದು ಆನ್ ಮಾಡು, ಬಾಕ್ಸಿನ ಮುಚ್ಚಳವನ್ನು ಆ ಗುರುತಿನ ಮೇಲೆ ಇಡು. ಕಪ್ಪಾದರೆ ಆಯಿತು. ಆಗದಿದ್ದರೆ ಲ್ಯಾಪ್‌ಟಾಪನ್ನು ಬಾಕ್ಸಿನ ಮೇಲೇ ಹೇರಿ ನೋಡು, ನಿನ್ನ ಮೇಜಿನ ಅವಸ್ಥೆ ನನಗೆ ಗೊತ್ತು, ಪುಸ್ತಕ ಬಾಕ್ಸು ಎಲ್ಲದರ ಮೇಲೂ ಅದು ಕೂತಿರುತ್ತದೆ. ಅವಳ ಕೈಯಲ್ಲೇ ಮಾಡಿಸು. ನಾನಾಗಿದ್ದರೆ ಹಾಗೇ ಮಾಡಿಸುತ್ತಿದ್ದೆ. ಬೈಯಬೇಡ.

ನಾಲ್ಕನೆಯದು ಮಾತ್ರ ಉಳಿದಿದೆ. ಬುಧವಾರ ರಾತ್ರಿ 9.40, ದೀಪ ಇದೆ, ಆನ್ ಆಗಲಿಲ್ಲ. ಪುಟ್ಟಿ ಮಲಗಿದ್ದಳು ಅಂತ ನೀನೇ ಬರೆದಿದ್ದೀಯ. ಬಾಕ್ಸು ಮೇಜಿನ ಮೇಲೇ ಉಳಿದಿತ್ತೋ, ಸ್ಕೂಲ್ ಬ್ಯಾಗಿಗೆ ಹೋಗಿತ್ತೋ? ನಿನ್ನ ಹೆಂಡತಿಯನ್ನು ಕೇಳು, ಅವಳಿಗೆ ನೆನಪಿರುತ್ತದೆ. ಬ್ಯಾಗಿನಲ್ಲಿತ್ತು ಅಂದರೆ ನಮಗೆ ಇನ್ನೊಂದು ಕಾಯಿಲೆ ಬಾಕಿ ಇದೆ. ಅದಕ್ಕೇ ನೋಟ್‌ಬುಕ್ಕನ್ನು ಮುಗಿಸಬೇಡ, ಇನ್ನೊಂದು ತಿಂಗಳು ಬರಿ. ಮುನಿಸು, ನಲಿವು ಬೇಡ. ದೀಪ ಇತ್ತೋ ಇಲ್ಲವೋ ಅಷ್ಟು ಬರಿ. ಈ ಎಂಟು ದಿನದಲ್ಲಿ ನಾನು 41 ಸಲ ಆನ್ ಮಾಡಿದ್ದೇನೆ, ಬೆಳಗಿನ ಚಳಿಯಲ್ಲೂ, ಮಧ್ಯಾಹ್ನದ ಬಿಸಿಲಿಗೆ ಕಿಟಕಿಯಲ್ಲಿಟ್ಟೂ. ಅಯಸ್ಕಾಂತ ಇಟ್ಟಾಗ ಬಿಟ್ಟರೆ ಒಂದೂ ತಪ್ಪಿಲ್ಲ. ಆದರೆ ಅದೆಲ್ಲ ನನ್ನ ಮೇಜಿನ ಮೇಲೆ. ನಿನ್ನ ಗೋಡೆಯ ಗೂಡು ಹೇಗಿದೆ ಅಂತ ನನಗೆ ಕಾಣುವುದಿಲ್ಲ.

ಅವರೆಕಾಯಿ ಇನ್ನೂ ಸಿಗುತ್ತಿದೆ. ಸುಲಿದು ಇಟ್ಟಿದ್ದೇನೆ, ಬ್ಯಾಗಿನ ಜೊತೆ ಒಂದು ಡಬ್ಬ ಬರುತ್ತದೆ. ಡಬ್ಬ ವಾಪಸ್ ಬೇಕು. ನೀನು ಬರುವಾಗ ಅಜ್ಜಂಪುರದ ಈರುಳ್ಳಿ ಐದು ಕೆಜಿ ತಾ, ಇಲ್ಲಿ ರೇಟು ವಿಪರೀತ.

ಲೆಕ್ಕ: ಬ್ಯಾಟರಿ 2,600, ಪಿನ್ ಸಮೇತದ ವೈರು 180, ಇಂಡಿಕೇಟರ್ ಬಲ್ಬು ಎರಡು 40. ಕೂಲಿ ಇಲ್ಲ. ಒಟ್ಟು 2,820. ದುಡ್ಡು ಕಳಿಸಿದರೆ ವಾಪಸ್ ಬರುತ್ತದೆ. ಆ ಹಾಳೆಯಲ್ಲಿ ‘ಅಕ್ಕ’ ಅಂತ ಒಂದು ಕಾಲಮ್ಮು ಮಾಡಿ ಇದನ್ನು ಮೊದಲ ಸಾಲಿನಲ್ಲಿ ಹಾಕು. ಉಂಗುರದ ಅರ್ಧ ಎರಡನೇ ಸಾಲಿಗೆ. ಉಳಿದ ಸಾಲುಗಳನ್ನು ನೀನು ಬಂದ ಮೇಲೆ ಕೂತು ನೋಡೋಣ, ಲ್ಯಾಪ್‌ಟಾಪನ್ನೂ ತಾ, ಚಾರ್ಜರನ್ನೂ ತಾ.

ಇಂತಿ ನಿನ್ನ
ಅಕ್ಕ